ಒಂದು ಎಸ್ಸಿನ ಸ್ಥಾನಪಲ್ಲಟ

ಅಹಮದಾಬಾದಿನ ಚಾಂದ್‌ಖೇಡಾದ ತೈಲ ಕಂಪನಿಯ ಕಾಲೋನಿಯಲ್ಲಿ ದೊಡ್ಡಣ್ಣನವರು ಇಂಗ್ಲಿಷ್ ಪಂಡಿತರಾದದ್ದು ನೀರಿನ ದೆಸೆಯಿಂದ.

ಇಸವಿ ಎರಡು ಸಾವಿರದ ಮೂರು, ನವೆಂಬರ್ ತಿಂಗಳು. ಬಿ ಬ್ಲಾಕಿನ ಮೆಟ್ಟಿಲ ಬಳಿ ನೇತುಹಾಕಿದ್ದ ಕರಿಹಲಗೆಯ ಮೇಲೆ ಕಾಲೋನಿಯ ಕಾರ್ಯದರ್ಶಿ ಭೋಗೀಭಾಯಿ 'ಟುಮಾರೋ ವಾಟರ್ ಆರ್ ನಾಟ್ ಕಮಿಂಗ್' ಎಂದು ಬರೆದಿದ್ದರು. ಆಫೀಸಿನಿಂದ ಮರಳುತ್ತಿದ್ದ ದೊಡ್ಡಣ್ಣನವರು ಯಾವುದೋ ಗುಂಗಿನಲ್ಲಿ ನಿಂತು, 'ಆರ್' ಅಳಿಸಿ, 'ಈಸ್' ಎಂದು ಬರೆದು, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಮೇಲೆ ಹತ್ತಿ ಹೋದರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲ. ಅವರ ಹಿರಿಯ ಮಗಳು ಕೃಪಾ ನವರಂಗಪುರದ ಒಂದು ಇಂಗ್ಲಿಷ್ ಕ್ಲಾಸಿನಲ್ಲಿ ಟೀಚರು. ಅವಳು ಬೆಳಿಗ್ಗೆ ಯಾರಿಗೋ ಫೋನಿನಲ್ಲಿ 'ವಾಟರ್ ಈಸ್, ವಾಟರ್ ಈಸ್' ಎಂದು ತಿದ್ದುತ್ತಿದ್ದದ್ದು ಅವರ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಕೈ ತಾನಾಗಿ ಬರೆಯಿತು, ಅಷ್ಟೆ.

ದೊಡ್ಡಣ್ಣನವರು ಹುಟ್ಟಾ ಕನಸುಗಾರರು. ಹಿರಿಯೂರಿನ ಕಡೆಯವರು, ಕಂಪನಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವರು. ಅವರ ಕಿಟಕಿಯಾಚೆ ಹೊಲಗಳ ನಡುವೆ ಎಣ್ಣೆಬಾವಿಯ ಪಂಪುಗಳು ಚಳಿಗಾಲದ ಮಂಜಿನಲ್ಲಿ ನಿಧಾನವಾಗಿ ತಲೆ ಎತ್ತುತ್ತ ಇಳಿಸುತ್ತ ಇರುತ್ತಿದ್ದವು. ಅದನ್ನೇ ನೋಡುತ್ತ ಕೂತರೆ ದೊಡ್ಡಣ್ಣನವರಿಗೆ ತಾವೊಂದು ಭಾರೀ ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಡುತ್ತಿರುವಂತೆ, ಎದುರಿಗಿದ್ದ ಸಭೆ ಸಭೆಯೇ ತಲೆದೂಗುತ್ತಿರುವಂತೆ ತೋರುತ್ತಿತ್ತು. ಚಪ್ಪಾಳೆ ಮುಗಿಯುವ ಹೊತ್ತಿಗೆ ಮೆಹಸಾಣಾಕ್ಕೆ ಹೋಗಬೇಕಾದ ಲಕೋಟೆ ಅಂಕಲೇಶ್ವರದ ಚೀಲ ಸೇರಿರುತ್ತಿತ್ತು.

ಮರುದಿನ ಭೋಗೀಭಾಯಿ ಅವರನ್ನು ಮೆಟ್ಟಿಲಲ್ಲೇ ತಡೆದು ನಿಲ್ಲಿಸಿದರು. ದೊಡ್ಡಣ್ಣನವರು ಬೈಗುಳಕ್ಕೆ ಸಿದ್ಧರಾದರು.

"ದೊಡ್ಡಣ್ಣಾಭಾಯಿ, ನನ್ನ ಅಳಿಯ ಬೋರ್ಡ್ ನೋಡಿದ. ಅವನು ಎಂ.ಎ. 'ಈಸ್' ಬರೆದವರು ಯಾರು, ಅವರಿಗೆ ಗ್ರಾಮರ್ ಪಕ್ಕಾ ಗೊತ್ತು ಅಂದ. ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೀರಲ್ಲ, ಕಮಾಲ್ ಆದ್ಮಿ!"

"ಏನೋ, ಸ್ವಲ್ಪ ಸ್ವಲ್ಪ," ಎಂದರು ದೊಡ್ಡಣ್ಣನವರು.

ಈ ದೇಶದಲ್ಲಿ ವಿನಯದಷ್ಟು ಬೇಗ ಪಾಂಡಿತ್ಯವನ್ನು ಸಾಬೀತುಪಡಿಸುವ ವಸ್ತು ಇನ್ನೊಂದಿಲ್ಲ. ಸಂಜೆಯೊಳಗೆ ಎದುರುಮನೆಯ ಕಾಂತಾಬೆನ್ ಆರು ಹೆಂಗಸರನ್ನು ಕಟ್ಟಿಕೊಂಡು ಬಂದರು. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳನ್ನು ಸೇರಿಸಲು ಹೋದರೆ ಈಗ ತಾಯಂದಿರನ್ನೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರಂತೆ. ದೊಡ್ಡಣ್ಣಾಭಾಯಿ ಕಲಿಸಲೇಬೇಕು. ಹೆಂಡತಿ ಗಿರಿಜಮ್ಮ ಒಳಗಿನಿಂದ ಬೇಡವೆಂದು ಕೈಸನ್ನೆ ಮಾಡಿದರು. ದೊಡ್ಡಣ್ಣನವರಿಗೆ ಅದು ಹೂಂ ಎನ್ನುವ ಸನ್ನೆಯಂತೆ ಕಂಡಿತು.

ತಾರಸಿಯ ಮೇಲೆ, ಸಂಜೆ ಐದಕ್ಕೆ, ಕ್ಲಾಸು ಶುರುವಾಯಿತು. ಗಾಳಿಪಟದ ಹಬ್ಬವಾದ ಉತ್ತರಾಯಣ ಇನ್ನೂ ದೂರವಿದ್ದರೂ ಆಗಲೇ ಆಕಾಶದಲ್ಲಿ ಒಂದೊಂದೇ ಗಾಳಿಪಟ ಏಳುತ್ತಿತ್ತು. ಕೃಪಾಳ ಹಳೆಯ ಗ್ರಾಮರ್ ಪುಸ್ತಕವನ್ನು ದೊಡ್ಡಣ್ಣನವರು ಕದ್ದು ಓದಿದ್ದರು, ಆದರೆ ಓದುವಾಗ ನಡುನಡುವೆ ಕಿಟಕಿಯಾಚೆ ನೋಡಿದ್ದರಿಂದ ಕೆಲವು ಪುಟಗಳು ಮನಸ್ಸಿಗೆ ಬಂದಿರಲಿಲ್ಲ. ಬಂದಷ್ಟರಿಂದ ಅವರು ತಮ್ಮದೇ ಒಂದು ಸಿದ್ಧಾಂತ ಕಟ್ಟಿದರು.

"ನೋಡಿ ಬೆನ್, ಎಸ್ ಅಂದರೆ ಛತ್ರಿ. ವಾಕ್ಯಕ್ಕೆ ಒಂದೇ ಛತ್ರಿ. ಒಂದೋ ಕರ್ತೃ ಹಿಡೀಬೇಕು, ಇಲ್ಲ ಕ್ರಿಯಾಪದ ಹಿಡೀಬೇಕು. ಬಾಯ್ಸ್ ಪ್ಲೇ. ಬಾಯ್ ಪ್ಲೇಸ್. ಕರ್ತೃ ಹಿಡಿದರೆ ಕ್ರಿಯಾಪದ ನೆನೆಯಬೇಕು, ಕ್ರಿಯಾಪದ ಹಿಡಿದರೆ ಕರ್ತೃ ನೆನೆಯಬೇಕು. ಗಂಡ ಹೆಂಡತಿ ಇದ್ದ ಹಾಗೆ."

"ಇಬ್ಬರೂ ಒಂದೇ ಛತ್ರಿಯಲ್ಲಿ ಹೋಗಬಾರದಾ?" ಎಂದರು ಕಾಂತಾಬೆನ್.

"ವ್ಯಾಕರಣದಲ್ಲಿ ಅವಕಾಶವಿಲ್ಲ."

"ಬಿಚಾರಾ ಅಂಗ್ರೇಜ್," ಎಂದು ಹೆಂಗಸರೆಲ್ಲ ಮರುಗಿದರು. ಮರುಕದಿಂದ ಕಲಿತದ್ದು ಮರೆಯುವುದಿಲ್ಲ. ಒಂದು ವಾರದೊಳಗೆ ಇಡೀ ಬಿ ಬ್ಲಾಕು ಛತ್ರಿಯನ್ನು ಅತ್ತಿಂದಿತ್ತ ಬದಲಾಯಿಸುತ್ತ ಇಂಗ್ಲಿಷ್ ಮಾತಾಡತೊಡಗಿತು. ಛತ್ರಿ ಯಾರ ಕೈಯಲ್ಲಿದ್ದರೆ ಅರ್ಥ ಏನಾಗುತ್ತದೆ ಎಂಬ ಪುಟ ಮಾತ್ರ ಕಿಟಕಿಯಾಚೆಗೆ ಹೋಗಿಬಿಟ್ಟಿತ್ತು.

ಇದೇ ಹೊತ್ತಿಗೆ ಕೃಪಾಳಿಗೊಂದು ಸಂಬಂಧ ಬಂತು. ವಡೋದರಾದಲ್ಲಿ ನಡೆದ ಕನ್ನಡ ರಾಜ್ಯೋತ್ಸವದಲ್ಲಿ ಅವಳನ್ನು ನೋಡಿದ್ದ ಹುಡುಗ ಗುರುಕಿರಣ್. ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡುವ ಇಂಜಿನಿಯರು. ಅವನ ಅಜ್ಜನ ಕಾಲದಲ್ಲೇ ಧಾರವಾಡದ ಕಡೆಯಿಂದ ಬಂದು ಸೂರತ್‌ನಲ್ಲಿ ನೆಲೆಸಿದ ಮನೆತನ. ನಡುವೆ ನಿಂತು ಮಾತಾಡುತ್ತಿದ್ದವರು ವಡೋದರಾ ರೈಲ್ವೆ ಸ್ಟೇಷನ್ನಿನ ಬುಕಿಂಗ್ ಆಫೀಸಿನ ಬಾಲಚಂದ್ರ. ಹುಡುಗನ ತಂದೆ ಚಂದ್ರಶೇಖರ ಅವರು ಸೀರೆ ಮಡಿಸುವ ಕಾರ್ಖಾನೆಯೊಂದರ ಮೇಲ್ವಿಚಾರಕರು, ಬಾಯಿಮಾತನ್ನು ನಂಬದವರು. ಹುಡುಗಿಗೆ ಒಪ್ಪಿಗೆಯೆಂದು ಬರವಣಿಗೆಯಲ್ಲಿ ಕೊಡಿ, ಆಮೇಲೆ ಬಂದು ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅವರು ಓದಿದ್ದು ಗುಜರಾತಿ ಶಾಲೆಯಲ್ಲಿ, ಕನ್ನಡ ಮಾತು ಬಂದರೂ ಓದಲು ಬಾರದು. ದೊಡ್ಡಣ್ಣನವರಿಗೆ ಗುಜರಾತಿ ಬರೆಯಲು ಬಾರದು. ಹೀಗೆ ಇಬ್ಬರು ಕನ್ನಡಿಗರ ನಡುವೆ ಇಂಗ್ಲಿಷಿನ ಪ್ರವೇಶವಾಯಿತು.

"ಕೃಪಾ ಹತ್ರ ಬರೆಸಿ," ಎಂದರು ಗಿರಿಜಮ್ಮ.

"ನನ್ನ ಹತ್ತಿರ ಏಳು ಜನ ಹೆಂಗಸರು ಇಂಗ್ಲಿಷ್ ಕಲೀತಾರೆ. ನಾನು ಮಗಳ ಹತ್ತಿರ ಬರೆಸಲಾ?" ಎಂದು ದೊಡ್ಡಣ್ಣನವರು ಬಾಗಿಲು ಹಾಕಿಕೊಂಡು ಬರೆಯಲು ಕೂತರು.

ಮೊದಲು ಬರೆದದ್ದು ಸರಿಯಾಗಿಯೇ ಇತ್ತು: 'ಮೈ ಡಾಟರ್ ಅಗ್ರೀಸ್ ಟು ಮ್ಯಾರಿ ಯುವರ್ ಸನ್.' ನನ್ನ ಮಗಳು ನಿಮ್ಮ ಮಗನನ್ನು ಮದುವೆಯಾಗಲು ಒಪ್ಪಿದ್ದಾಳೆ. ಆದರೆ ಓದಿ ನೋಡಿದಾಗ ಅವರ ಮನಸ್ಸಿಗೆ ಏನೋ ಚುಚ್ಚಿತು. ಒಪ್ಪಿದ್ದಾಳೆ! ನಾಳೆ ಇನ್ನೊಂದು ಮನೆಯ ಲಕ್ಷ್ಮಿಯಾಗುವವಳನ್ನು ಬೀಗರ ಮುಂದೆ ಹೀಗೆ ಏಕವಚನದಲ್ಲಿ ಕರೆಯುವುದೇ? ನಮ್ಮಲ್ಲಿ ಒಬ್ಬರೇ ಬಂದರೂ 'ಬಂದರು' ಎನ್ನುತ್ತೇವೆ. ಕಲಿತ ಹುಡುಗಿ, ಟೀಚರು. ಒಪ್ಪಿದ್ದಾರೆ ಎಂದೇ ಇರಬೇಕು. ಆದ್ದರಿಂದ ಕ್ರಿಯಾಪದದ ಕೈಯಿಂದ ಛತ್ರಿ ಕಿತ್ತು 'ಅಗ್ರೀ' ಮಾಡಿದರು. ಈಗ ಎಸ್ ಎಲ್ಲಿಗೆ ಹೋಗಬೇಕು? ನಿಯಮದ ಪ್ರಕಾರ ಕರ್ತೃವಿಗೆ. 'ಮೈ ಡಾಟರ್ಸ್ ಅಗ್ರೀ ಟು ಮ್ಯಾರಿ ಯುವರ್ ಸನ್.' ಹುಡುಗನಿಗೂ ಗೌರವ ಕೊಡಬೇಕೆನಿಸಿತು, ಆದರೆ ವಾಕ್ಯಕ್ಕೆ ಒಂದೇ ಛತ್ರಿ; ಹುಡುಗ ನೆನೆದರೆ ನೆನೆಯಲಿ ಎಂದು ಬಿಟ್ಟರು. ಅಕ್ಷರ ದುಂಡಗಿತ್ತು, ವ್ಯಾಕರಣ ನಿರ್ದುಷ್ಟವಾಗಿತ್ತು. ದೊಡ್ಡಣ್ಣನವರು ಮೂರು ಸಲ ಓದಿ, ಕಣ್ಣು ಮುಚ್ಚಿ, ಸಭಾಂಗಣದ ಚಪ್ಪಾಳೆ ಕೇಳಿ, ಅಂಟು ಹಚ್ಚಿದರು.

ಕಾಗದ ಕತಾರ್‌ಗಾಮ್ ತಲುಪಿದಾಗ ಚಂದ್ರಶೇಖರ ಅವರು ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದರು. ಒಡೆದು ಓದಿದರು. ಎಲೆಯಡಿಕೆ ಬಾಯಲ್ಲೇ ನಿಂತಿತು.

"ಡಾಟರ್ಸ್ ಅಂತ ಬರ್ದಾರಲ್ಲ," ಎಂದರು. "ಇಬ್ಬರೂ ಒಪ್ಯಾರಂತ."

"ಇಬ್ಬರೂ ಅಂದ್ರ?" ಹೆಂಡತಿ ಇಂದಿರಾ ಕೈಯಲ್ಲಿದ್ದ ಹೆರಳಿನ ಪಿನ್ನು ಕೆಳಗಿಟ್ಟರು.

"ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಕೃಪಾ, ಪ್ರಾರ್ಥನಾ. ಇಬ್ಬರೂ ನಮ್ಮ ಗುರುನ್ನ ಮದುವಿ ಆಗಾಕ ಒಪ್ಯಾರಂತ. ಬರವಣಿಗಿಯೊಳಗ ಐತಿ, ಸಹಿ ಐತಿ."

ಜಗಲಿಯ ತೂಗುಮಂಚದಲ್ಲಿದ್ದ ಅಜ್ಜಿ ಸರಸ್ವತಿ ತೂಗುವುದನ್ನು ನಿಲ್ಲಿಸಿದರು. ಎಂಬತ್ತೊಂದು ವರ್ಷದ ಅವರು ಯಾವ ಸಂಗತಿಗೂ ಗಾಬರಿಯಾಗುತ್ತಿರಲಿಲ್ಲ. "ಅದಕ್ಯಾಕ ಅಷ್ಟು ಗಾಬರಿ? ಶಿವಗ ಗಂಗಿ, ಗೌರಿ ಇಬ್ಬರು ಇಲ್ಲೇನು?"

"ಶಿವಗ ಕೈಲಾಸ ಇತ್ರಿ ಅತ್ತಿ," ಎಂದರು ಇಂದಿರಾ. "ನಮಗ ಇರೋವು ಎರಡು ಖೋಲಿ."

ಚಂದ್ರಶೇಖರ ಅವರು ಪಕ್ಕದ ವಕೀಲ ಮಾವಜೀಭಾಯಿಗೆ ಕಾಗದ ತೋರಿಸಿದರು. ವಕೀಲರು ಕನ್ನಡಕ ಒರೆಸಿ, ವ್ಯಾಕರಣದ ಪ್ರಕಾರ ಎಲ್ಲ ಸರಿಯಿದೆ, ಕಾನೂನಿನ ಪ್ರಕಾರ ಇಬ್ಬರಿಗೂ ಜೈಲು ಎಂದರು. ಯಾವ ಇಬ್ಬರಿಗೆ ಎಂದು ಹೇಳಲಿಲ್ಲ. ಗುರುಕಿರಣ್ ಸಂಜೆ ಕಾರ್ಖಾನೆಯಿಂದ ಬಂದವನು ಕಾಗದ ಓದಿ ಬೆವೆತ. ಕೊನೆಗೆ ಬಾಲಚಂದ್ರರಿಗೆ ಫೋನು ಹೋಯಿತು: ಅಹಮದಾಬಾದಿಗೆ ಹೋಗಿ ನಾಜೂಕಾಗಿ ವಿಚಾರಿಸಿಕೊಂಡು ಬನ್ನಿ.

ಬಾಲಚಂದ್ರ ತಾರಸಿ ಹತ್ತಿ ಬಂದಾಗ ಕ್ಲಾಸು ನಡೆದಿತ್ತು. ಪಶ್ಚಿಮದಲ್ಲಿ ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು, ಒಣಗಲು ಹಾಕಿದ ಸೀರೆಗಳು ಹಾಯಿಯಂತೆ ಉಬ್ಬಿದ್ದವು, ದೊಡ್ಡಣ್ಣನವರು ಯಾವುದೋ ಹಡಗಿನ ಮೇಲೆ ನಿಂತವರಂತೆ ದೂರ ನೋಡುತ್ತ ಪಾಠ ಹೇಳುತ್ತಿದ್ದರು. ಏಳು ಜನ ಹೆಂಗಸರ ಮುಂದೆ ಹೆಣ್ಣಿನ ವಿಷಯ ಹೇಗೆ ಎತ್ತುವುದೆಂದು ಬಾಲಚಂದ್ರ ದನಿ ತಗ್ಗಿಸಿದರು.

"ದೊಡ್ಡಣ್ಣೋರೆ, ಆ ಕಾಗದದ ವಿಚಾರ. ಸೂರತ್‌ನೋರಿಗೆ ಒಂದು ಸಣ್ಣ ಅನುಮಾನ."

"ಯಾವ ವಾಕ್ಯದಲ್ಲಿ?"

"ಅದೇ, 'ಅಗ್ರೀ' ಅಂತ ಬರೆದಿದ್ದೀರಲ್ಲ. ಅಲ್ಲಿ... ಎರಡೂ ಒಪ್ಪಿವೆ ಅಂತೀರಾ?"

ದೊಡ್ಡಣ್ಣನವರ ಮುಖ ಅರಳಿತು. ಕರ್ತೃವೂ ಕ್ರಿಯಾಪದವೂ ಒಪ್ಪಿವೆಯೇ ಎಂದು ಕೇಳಬಲ್ಲ ಮನುಷ್ಯ ಇಡೀ ಗುಜರಾತಿನಲ್ಲಿ ಅವರಿಗೆ ಸಿಕ್ಕಿರಲಿಲ್ಲ. "ನೂರಕ್ಕೆ ನೂರು ಒಪ್ಪಿವೆ ಸ್ವಾಮಿ! ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ನೋಡಿ."

"ಮುಂದೆ ಜಗಳ ಗಿಗಳ..."

"ಎಲ್ಲಿ ಬಂತು ಜಗಳ? ಒಂದು ತಗೊಂಡ್ರೆ ಇನ್ನೊಂದು ಬಿಟ್ಟುಕೊಡುತ್ತೆ."

ಬಾಲಚಂದ್ರ ಇನ್ನಷ್ಟು ಹತ್ತಿರ ಸರಿದರು. "ಅಲ್ಲ, ಒಂದನ್ನೇ ಇಟ್ಕೊಂಡು ಇನ್ನೊಂದನ್ನ ಬಿಡೋ ಹಾಗೆ ಏನಾದ್ರೂ..."

"ಛೆ ಛೆ! ಒಂದನ್ನ ಬಿಟ್ರೆ ಇನ್ನೊಂದಕ್ಕೆ ಅರ್ಥವೇ ಇಲ್ಲ. ಹೋದರೆ ಎರಡೂ ಒಟ್ಟಿಗೇ ಹೋಗ್ಬೇಕು."

"ಹುಡುಗನ ಗತಿ?"

"ಹುಡುಗ ಬರೋದು ಕೊನೇಲಿ. ಅವನಿಂದ ಏನೂ ವ್ಯತ್ಯಾಸ ಆಗಲ್ಲ."

"ನಿಮ್ಮ ಕಡೆ... ಇದು ಹೀಗೇ ನಡೆಯುತ್ತಾ?"

"ನಮ್ಮ ಕಡೆ ಏನು ಬಂತು ಬಾಲಚಂದ್ರ, ಇಂಗ್ಲೆಂಡಿನ ಅರಮನೆಯಲ್ಲೂ ಹೀಗೇ!"

ಕಾಂತಾಬೆನ್ ಬಾಲಚಂದ್ರರ ಮುಖ ಬಿಳುಚಿದ್ದನ್ನು ಕಂಡು ಒಂದು ತುಂಡು ಸುಖಡಿ ಮಿಠಾಯಿ ಕೊಟ್ಟು, "ಮೊದಮೊದಲು ಕಷ್ಟ ಅನಿಸುತ್ತೆ ಭಾಯಿ, ನಮಗೂ ಹಾಗೇ ಆಯ್ತು. ಆಮೇಲೆ ಅಭ್ಯಾಸ ಆಗಿಬಿಡುತ್ತೆ," ಎಂದು ಹಿಂದಿಯಲ್ಲಿ ಧೈರ್ಯ ಹೇಳಿದರು.

ಬಾಲಚಂದ್ರ ಕೆಳಗಿಳಿದವರೇ ಎಸ್‌ಟಿಡಿ ಬೂತಿಗೆ ಓಡಿ ಸೂರತ್‌ಗೆ ವರದಿ ಒಪ್ಪಿಸಿದರು. "ಎರಡೂ ಒಟ್ಟಿಗೇ ಬರ್ತಾವಂತೆ. ಬೇರೆ ಮಾಡೋ ಹಾಗಿಲ್ಲವಂತೆ. ಹುಡುಗನಿಂದ ವ್ಯತ್ಯಾಸ ಆಗಲ್ಲವಂತೆ. ಕಾಲೋನಿಯ ಹೆಂಗಸರಿಗೆಲ್ಲ ಅಭ್ಯಾಸ ಆಗಿದೆಯಂತೆ."

ಸೂರತ್‌ನಲ್ಲಿ ಆ ಸಂಬಂಧವನ್ನು ಅಲ್ಲಿಗೇ ಬಿಟ್ಟುಬಿಡೋಣವೆಂದು ಚಂದ್ರಶೇಖರ ಅವರು ತೀರ್ಮಾನಿಸಿದ್ದರು. ಆದರೆ ಗುರುಕಿರಣ್, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ, "ಒಮ್ಮೆ ಹೋಗಿ ಕೇಳೋಣ ಅಪ್ಪಾಜಿ," ಎಂದ. ಅಜ್ಜಿಯೂ, "ನಾ ಬರ್ತೀನಿ, ಇಂಥಾದ್ದು ನೋಡದಽ ಸಾಯಬಾರದು," ಎಂದರು.

ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಸೂರತ್‌ನ ನಾಲ್ವರೂ ಬಾಲಚಂದ್ರರೂ ಚಾಂದ್‌ಖೇಡಾಕ್ಕೆ ಬಂದಿಳಿದರು. ಗಿರಿಜಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ಕೃಪಾ ಉಪ್ಪಿಟ್ಟಿನ ತಟ್ಟೆ ತಂದಳು. ಅವಳ ತಂಗಿ ಪ್ರಾರ್ಥನಾ, ಕಾಲೇಜಿನ ಎರಡನೇ ವರ್ಷದವಳು, ಚಹಾ ತಂದಳು. ಸರಸ್ವತಿ ಅಜ್ಜಿ ಇಬ್ಬರನ್ನೂ ಕೈಹಿಡಿದು ತಮ್ಮ ಎಡಬಲಕ್ಕೆ ಕೂರಿಸಿಕೊಂಡು ಒಬ್ಬೊಬ್ಬರ ಗಲ್ಲವನ್ನೂ ಎತ್ತಿ ನೋಡಿದರು.

"ಚಂದ ಅದಾರ ಇಬ್ಬರೂ. ಹಿರೇಕಿ ಅಡಗಿ ಮಾಡ್ಲಿ, ಸಣ್ಣಾಕಿ ನನ್ನ ಕಾಲು ಒತ್ತಲಿ."

ಪ್ರಾರ್ಥನಾ ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದು. ಅವಳಿಗೆ ಈ ಕನ್ನಡದಲ್ಲಿ 'ಕಾಲು' ಒಂದೇ ಅರ್ಥವಾಯಿತು. "ಪಪ್ಪಾ, ದಾದೀಗೆ ಕಾಲು ನೋವಾ? ಬಾಮ್ ತರ್ಲಾ?"

ಇಂದಿರಾ ಕಣ್ಣೀರು ಒರೆಸಿಕೊಂಡರು. "ಆಗಲೇ ಸೊಸಿ ಹಂಗ ಮಾತಾಡ್ತಾಳ ನೋಡ್ರಿ. ಈಗ ಬ್ಯಾಡ ಅನ್ನೋದು ಹ್ಯಾಂಗ?"

ಚಂದ್ರಶೇಖರ ಅವರು ಜೇಬಿನಿಂದ ಕಾಗದ ತೆಗೆದರು. "ದೊಡ್ಡಣ್ಣಾರ, ನಾವು ಮರ್ಯಾದಸ್ತರು. ಹುಡುಗ ಒಬ್ಬ. ಕನ್ಯಾ ಇಬ್ಬರು. ಕಾಯದಾ ಒಪ್ಪೂದಿಲ್ಲ. ಒಬ್ಬಾಕಿನ್ನ ಹಿಂದಕ್ಕ ತಗೋರಿ."

ಬಾಗಿಲಲ್ಲಿ ಇಣುಕುತ್ತಿದ್ದ ಭೋಗೀಭಾಯಿ ಪೂರ್ತಿ ಒಳಗೇ ಬಂದುಬಿಟ್ಟರು.

"ವಾಟ್! ನಾನು ಯಾವಾಗ ಅಗ್ರೀ ಮಾಡ್ದೆ?" ಪ್ರಾರ್ಥನಾ ಟ್ರೇ ಸಮೇತ ಎದ್ದು ನಿಂತಳು. "ಪಪ್ಪಾ, ನಂಗೆ ಫ್ರೈಡೇ ಎಕ್ಸಾಮ್ ಇದೆ!"

ಕೃಪಾ ಕಾಗದ ಇಸಿದುಕೊಂಡು ಓದಿದಳು. ಅವಳ ತುಟಿ ಮೊದಲು ಬಿಗಿಯಿತು, ಆಮೇಲೆ ಅದುರಿತು, ಆಮೇಲೆ ಅವಳು ಗೋಡೆಗೊರಗಿ ನಗತೊಡಗಿದಳು. ನಗುತ್ತಲೇ ಎಸ್ಸಿನ ಸಂಗತಿಯನ್ನು ಬಿಡಿಸಿ ಹೇಳಿದಳು. ಒಬ್ಬಳೇ ಮಗಳು ಒಪ್ಪಿದರೆ ಎಸ್ ಎಲ್ಲಿರಬೇಕು, ಅಲ್ಲಿಂದ ಇಲ್ಲಿಗೆ ಜರುಗಿದರೆ ಎಷ್ಟು ಜನ ಮದುವೆಯಾಗಬೇಕಾಗುತ್ತದೆ ಎಂದು. ದೊಡ್ಡಣ್ಣನವರು ಕ್ಷೀಣ ದನಿಯಲ್ಲಿ, "ಗೌರವಕ್ಕೆ ಅಂತ ಬಹುವಚನ ಹಾಕಿದೆ," ಎಂದರು. ಆಮೇಲೆ ಇಂದಿರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಬಾಲಚಂದ್ರ ನಕ್ಕರು, ಏನೂ ಅರ್ಥವಾಗದ ಭೋಗೀಭಾಯಿ ಎಲ್ಲರಿಗಿಂತ ಜೋರಾಗಿ ನಕ್ಕರು. ಅಜ್ಜಿಗೆ ಮಾತ್ರ ನಿರಾಶೆಯಾಯಿತು.

"ಹಂಗಾದ್ರ ಬಗೀಹರೀತು," ಎಂದು ಚಂದ್ರಶೇಖರ ಅವರು ಪೆನ್ನು ತೆಗೆದರು. "ಈ ಎಸ್ ಹೊಡದು ಅಲ್ಲಿ ಹಾಕ್ತೀನಿ. 'ಮೈ ಡಾಟರ್ ಅಗ್ರೀಸ್.' ಈಗ ಬರೋಬ್ಬರಿ ಆತಿಲ್ಲೋ?"

"ಇಲ್ಲ," ಎಂದಳು ಕೃಪಾ. ಅವಳ ನಗು ನಿಂತಿತ್ತು.

"ಯಾಕವಾ? ವ್ಯಾಕರಣ ಈಗ ಸರಿ ಐತಲ್ಲ."

"ವ್ಯಾಕರಣ ಸರಿ ಇದೆ. ಆದರೆ ನಾನು ಒಪ್ಪಿದೀನಿ ಅಂತ ಹೇಳಿದ್ದು ಯಾರು? ನನ್ನನ್ನ ಯಾರೂ ಕೇಳೇ ಇಲ್ಲ."

ದೊಡ್ಡಣ್ಣನವರು ಗಿರಿಜಮ್ಮನ ಮುಖ ನೋಡಿದರು. ಗಿರಿಜಮ್ಮ, ನೀವು ಕೇಳಿದ್ದೀರೆಂದುಕೊಂಡಿದ್ದೆ ಎನ್ನುವಂತೆ ಗಂಡನ ಮುಖ ನೋಡಿದರು. ಇಬ್ಬರೂ ಬಾಲಚಂದ್ರರ ಕಡೆ ತಿರುಗಿದರು. ಬಾಲಚಂದ್ರ ಕೇಸರಿಬಾತಿನೊಳಗೆ ನೋಡತೊಡಗಿದರು. ಎಸ್ ಎಲ್ಲಿಡಬೇಕೆಂದು ಮೂರು ಊರಿನ ಜನ ಒಂದು ತಿಂಗಳು ತಲೆಕೆಡಿಸಿಕೊಂಡಿದ್ದರು. ಕರ್ತೃ ಇಷ್ಟು ದಿನವೂ ಅದೇ ಮನೆಯಲ್ಲಿ, ಅದೇ ಬಸ್ಸಿನಲ್ಲಿ ನವರಂಗಪುರಕ್ಕೆ ಹೋಗಿ ಬರುತ್ತ, ಎಲ್ಲರ ಕೈಗೂ ಸಿಗುವಂತೆಯೇ ಇತ್ತು.

ಗುರುಕಿರಣ್ ಕುರ್ಚಿಯಿಂದ ಎದ್ದು ನಿಂತ. "ನಿಮ್ಮನ್ನ ಕೇಳ್ಯಾರ ಅಂತ ನಾ ತಿಳಕೊಂಡಿದ್ದೆ. ತಪ್ಪಾತು. ಈಗ ನಾನಽ ಕೇಳಬಹುದಾ?"

ಕೃಪಾ ಅವನನ್ನು ನೋಡಿದಳು, ಬಾಗಿಲಲ್ಲಿ ಸೇರಿದ್ದ ಬಿ ಬ್ಲಾಕನ್ನು ನೋಡಿದಳು. "ಇಷ್ಟು ಜನರ ಮುಂದೆ ಬೇಡ. ಬರೆದು ತಿಳಿಸ್ತೀನಿ."

"ನೀವಽ ಬರೀರಿ ಮತ್ತ," ಎಂದು ಹುಡುಗ ಗಾಬರಿಯಿಂದ ದೊಡ್ಡಣ್ಣನವರ ಕಡೆ ನೋಡಿದ.

ಆ ಸಂಜೆ ದೊಡ್ಡಣ್ಣನವರು ತಾರಸಿಗೆ ಹೋಗಿ ಏಳು ಜನ ವಿದ್ಯಾರ್ಥಿನಿಯರ ಮುಂದೆ ನಿಂತು, ತಮಗೆ ಗೊತ್ತಿದ್ದದ್ದು 'ವಾಟರ್ ಈಸ್' ಒಂದೇ, ಅದೂ ಮಗಳದ್ದು ಎಂದು ಹೇಳಿಬಿಟ್ಟರು. ಕಾಂತಾಬೆನ್, "ನೀವು ಹೇಳಿದ್ದು ತಪ್ಪಿರಬಹುದು ಸರ್, ಆದರೆ ನಮಗೆ ಮಾತಾಡುವ ಧೈರ್ಯ ಬಂತಲ್ಲ," ಎಂದರು. ಬುಧವಾರದಿಂದ ಕೃಪಾ ವಾರಕ್ಕೆರಡು ಸಂಜೆ ಪಾಠ ಹೇಳಲು ಒಪ್ಪಿದಳು. ಈ ಸಲ ಅವಳನ್ನು ಮೊದಲೇ ಕೇಳಲಾಗಿತ್ತು.

ಆಮೇಲೆ ಕತಾರ್‌ಗಾಮ್‌ನಿಂದ ನಾಲ್ಕು ಕಾಗದ ಬಂದವು, ಚಾಂದ್‌ಖೇಡಾದಿಂದ ನಾಲ್ಕು ಹೋದವು. ಒಂದು ಭಾನುವಾರ ಕೃಪಾ ತಾನೇ ರೈಲು ಹತ್ತಿ ವಡೋದರಾಕ್ಕೆ ಹೋಗಿ ಬಂದಳು. ಏನು ಮಾತಾಡಿದರೆಂದು ಯಾರಿಗೂ ತಿಳಿಯಲಿಲ್ಲ. ಫೆಬ್ರವರಿಯ ಒಂದು ಮುಂಜಾನೆ ಅವಳು ಆಫೀಸಿಗೆ ಹೊರಟ ತಂದೆಯ ಕೈಗೆ ಅಂಟಿಸದ ಲಕೋಟೆಯೊಂದನ್ನು ಕೊಟ್ಟಳು.

"ಓದಬಹುದಾ?"

"ಓದಿ ಅಪ್ಪ."

ಒಳಗೆ ಎರಡೇ ಪದ. 'ಐ ಅಗ್ರೀ.' ದೊಡ್ಡಣ್ಣನವರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಕೃಪಾ, ಇಲ್ಲಿ ಎಲ್ಲೂ ಎಸ್ ಇಲ್ಲವಲ್ಲಮ್ಮ. ನೀನು ಒಬ್ಬಳೇ ತಾನೆ?"

"'ಐ' ಬಂದರೆ ಎಸ್ ಬೇಡ ಅಪ್ಪ."

"ಹಾಗೇ ಕಳಿಸಬಹುದಾ?"

"ಹಾಗೇ ಕಳಿಸಿ."

ದೊಡ್ಡಣ್ಣನವರು ಅಂಚೆಪೆಟ್ಟಿಗೆಗೆ ಕಾಗದ ಹಾಕಿದರು. ಆದರೆ ಆಫೀಸಿನ ಕಡೆ ಹೋಗದೆ ತಿರುಗಿ ಮನೆಗೇ ಬಂದರು. ಪ್ರಾರ್ಥನಾ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಅವಳ ಎದುರು ಕೂತು, ಗಂಭೀರವಾಗಿ, "ಪ್ರಾರ್ಥನಾ, ನಿನ್ನ ಇಷ್ಟ ಏನಮ್ಮ? ಏನಾಗಬೇಕು ನಿನಗೆ?" ಎಂದು ಕೇಳಿದರು.

"ಸ್ಕೂಟಿ," ಎಂದಳು ಪ್ರಾರ್ಥನಾ, ತಲೆ ಎತ್ತದೆ. "ಪರ್ಪಲ್ ಕಲರ್."

ಒಳಗಿನಿಂದ ಗಿರಿಜಮ್ಮ, "ಎಲ್ಲರನ್ನೂ ಕೇಳ್ತಿದೀರಿ, ನನ್ನನ್ನೂ ಒಂದು ಮಾತು ಕೇಳಿ ಮತ್ತೆ," ಎಂದು ತಮಾಷೆಗೆ ಕೂಗಿದರು.

ದೊಡ್ಡಣ್ಣನವರು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. "ಕೇಳ್ತೀನಿ. ನಿನಗೇನು ಬೇಕು ಗಿರಿಜಾ?"

ಗಿರಿಜಮ್ಮ ನಕ್ಕು ಏನೋ ಹೇಳಲು ಬಾಯಿ ತೆರೆದರು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಸೌಟು ಹಿಡಿದ ಕೈ ಹಾಗೇ ನಿಂತಿತು, ಒಲೆಯ ಮೇಲೆ ಹಾಲು ನಿಧಾನವಾಗಿ ಏರತೊಡಗಿತು, ಅವರು ಕಿಟಕಿಯಾಚೆ ಮಂಜು ಕರಗುತ್ತಿದ್ದ ಹೊಲದ ಕಡೆ ನೋಡುತ್ತಿದ್ದರು.

"ತಡೀರಿ," ಎಂದರು ಕೊನೆಗೆ. "ಯೋಚನೆ ಮಾಡಿ ಹೇಳ್ತೀನಿ."

ದೊಡ್ಡಣ್ಣನವರು ಹಾಲಿನ ಉರಿ ತಗ್ಗಿಸಿ, ಕುರ್ಚಿಯೊಂದನ್ನು ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ಕುಳಿತರು.